ಎಡಗಡೆಯ ಹಿಂದಿನ ಗಾಲಿ

ಅಣ್ಣಾ,

ನೀನು ಮೊದಲ ಸಲ ಕೋಲ್ಕತ್ತಾಗೆ, ಕಸ್ಬಾದ ನಮ್ಮ ಮನೆಗೆ ಬಂದ ದಿನ ಬೆಲ್ ಒತ್ತಲೇ ಇಲ್ಲ, ನೆನಪಿದೆಯಾ? ಜೋಳದ ಹಿಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಮೇಲಿನ ಮನೆಯ ಮಾಶಿಮಾ ನಿನ್ನನ್ನು ಕೂಲಿಯವನೆಂದುಕೊಂಡು ನನ್ನ ಬಾಗಿಲು ತಟ್ಟಿ, ಕೆಳಗೆ ಯಾರೋ ಕೂತಿದ್ದಾರೆ ಬೌದಿ, ಏಳುತ್ತಿಲ್ಲ ಎಂದು ದೂರು ಹೇಳಿದರು. ಇಳಿದು ಬಂದು ನೋಡಿದರೆ ನೀನು. ಹುಬ್ಬು, ಮೀಸೆ, ಕಿವಿಯ ಹಿಂಭಾಗ ಎಲ್ಲಾ ಕೆಂಪು ಧೂಳು. ನಾನು ಓಡಿ ಬಂದು ಕೈ ಹಿಡಿದರೆ ನೀನು ಹಿಂದೆ ಸರಿದೆ. "ಮೈಯೆಲ್ಲಾ ಕಲ್ಲಿನ ಧೂಳ ಐತಿ ಗಿರಿಜಾ. ಮನಿ ಹೊಲಸಾಗ್ತೈತಿ. ಮೊದ್ಲ ಒಂದ ಬಕೀಟ ನೀರ ಕೊಡು" ಅಂದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನ್ನ ತವರಿನಿಂದ ನನ್ನ ಬಾಗಿಲಿಗೆ ಬಂದ ಮೊದಲ ಮನುಷ್ಯ ನೀನು. ಆ ಧೂಳನ್ನು ಒರೆಸುವುದಕ್ಕೂ ನನಗೆ ಮನಸ್ಸಿರಲಿಲ್ಲ.

ಆ ವರ್ಷ ರಾಜಾರ್‌ಹಾಟ್‌ನ ಗದ್ದೆಗಳಲ್ಲೆಲ್ಲ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಏಳುತ್ತಿದ್ದವು. ಅವುಗಳ ನೆಲಕ್ಕೆ ನಮ್ಮ ಇಳಕಲ್ಲಿನ ಕೆಂಪು ಕಲ್ಲೇ ಬೇಕಂತೆ. ಅದನ್ನು ಹೊತ್ತುಕೊಂಡು ನೀನು ಬಳ್ಳಾರಿ, ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ ದಾಟಿ ಬರುತ್ತಿದ್ದೆ. ಮೊದಲೆಲ್ಲ ಜೊತೆಗೆ ಕ್ಲೀನರ್ ಇರುತ್ತಿದ್ದ. ಆಮೇಲೆ ಲಾರಿಯ ಸಾವ್ಕಾರರು ಅವನನ್ನೂ ಬಿಡಿಸಿದರು. ಅಷ್ಟು ದೂರ ಒಬ್ಬನೇ ಹೇಗೆ ಬರುತ್ತೀಯ ಎಂದು ಇವರು ಕೇಳಿದಾಗ ನೀನು ರೊಟ್ಟಿ ಮುರಿಯುತ್ತಾ ನಕ್ಕೆ. ನಮ್ಮ ಮಗಳು ಐಶು ನಿನ್ನ ತೊಡೆ ಏರಿ, "ಮಾಮಾ, ನಿಮ್ಮ ಲಾರಿ ಕಿತ್ನಾ ದೊಡ್ಡದು?" ಎಂದು ಕೇಳಿದ್ದಕ್ಕೆ, ನಿಮ್ಮ ಮನೆ ಅದರ ಮೇಲೆ ಹಿಡಿಸುತ್ತದೆ ಅಂದಿದ್ದೆ. ಅವಳು ಎಷ್ಟೋ ದಿನ ಅದನ್ನೇ ಶಾಲೆಯಲ್ಲಿ ಹೇಳಿಕೊಂಡು ತಿರುಗಿದಳು.

ಒಂದು ಮಧ್ಯಾಹ್ನ ನೀನು ತುಂಬ ಸಿಟ್ಟಿನಲ್ಲಿ ಬಂದಿದ್ದೆ. ನಿನ್ನ ಸಿಟ್ಟು ಕಂಡವರು ಕಡಿಮೆ, ಅದಕ್ಕೇ ಅದು ನನಗೆ ಮರೆತಿಲ್ಲ. ಹಗಲು ಲಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಆಮೇಲೆ ಕಟ್ಟಡದ ಹತ್ತಿರ ಹೋದರೆ ಕ್ರೇನ್ ಇಲ್ಲ, ನಾಳೆ ಬಾ. ನಾಳೆ ಹೋದರೆ ಇಳಿಸುವವರಿಲ್ಲ, ಮತ್ತೆ ನಾಳೆ. ಸಿಟ್ಟು ಅದಕ್ಕೂ ಅಲ್ಲ. ಅಲ್ಲಿ ಕೆಳಗಿನ ಮಹಡಿಯಲ್ಲಿ ಶೌಚಾಲಯ ಸಿದ್ಧವಾಗಿತ್ತಂತೆ, ನೀನೇ ಹಿಂದಿನ ಸಲ ತಂದ ಕಲ್ಲನ್ನು ಅದರ ನೆಲಕ್ಕೆ ಹಾಸಿದ್ದರಂತೆ. ಕಾವಲಿನವನು ನಿನ್ನನ್ನು ಒಳಗೆ ಬಿಡಲಿಲ್ಲ. ಡ್ರೈವರುಗಳಿಗೆ ಅಲ್ಲಿ, ಎಂದು ಹಿಂದಿನ ಹೊಲದ ಕಡೆ ಕೈ ತೋರಿಸಿದನಂತೆ. ಇದನ್ನು ಹೇಳುವಾಗ ನೀನು ನನ್ನ ಮುಖ ನೋಡಲಿಲ್ಲ, ಗೋಡೆ ನೋಡುತ್ತಿದ್ದೆ. ಬೆನ್ನು ನೋವು, ಸೊಳ್ಳೆ, ತಿಂದದ್ದು ಜೀರ್ಣವಾಗದ ಹೊಟ್ಟೆ, ಸಿಗ್ನಲ್ಲಿನಲ್ಲಿ ಕೋಲಿನಿಂದ ಬಾಗಿಲು ಬಡಿಯುವ ಪೊಲೀಸರು... ಇವನ್ನೆಲ್ಲ ನೀನು ಬೇರೆ ಯಾರದೋ ಕಷ್ಟವೆಂಬಂತೆ ಹೇಳುತ್ತಿದ್ದೆ. ಆ ಒಂದು ಮಾತನ್ನು ಮಾತ್ರ ಹಾಗೆ ಹೇಳಲಿಲ್ಲ.

ಗಾಲಿಯ ಮಾತು ಮೊದಲು ಬಂದದ್ದು ಊಟಕ್ಕೆ ಕೂತಾಗ. ನೀನು ಅರ್ಧ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತಿದ್ದೆ. ಪಲ್ಯ ಸೇರಲಿಲ್ಲವೇನೋ ಎಂದುಕೊಂಡು ನಾನು ಕೇಳಿದೆ. "ಎಡಗಡಿ ಹಿಂದಿನ ಗಾಲಿ ಸದ್ದು ಮಾಡಾಕ ಹತ್ತೈತಿ" ಅಂದೆ. ಲಾರಿ ಜೋರಾಗಿ ಹೋಗುವಾಗ ಕೇಳಿಸುವುದಿಲ್ಲ, ನಿಧಾನ ಮಾಡಿದಾಗ ಟಕ್, ಟಕ್ ಎಂದು ಬರುತ್ತದೆ, ನಿಲ್ಲಿಸಿ ನೋಡಿದರೆ ಏನೂ ಕಾಣುವುದಿಲ್ಲ ಎಂದು ವಿವರಿಸಿದೆ. ಇವರು, ಗ್ಯಾರೇಜಿಗೆ ತೋರಿಸಬಾರದೇ, ಅಂದರು. ನೀನು ಹೂಂ ಅಂದೆ. ನನಗಾಗ ಅದು ಸೈಕಲ್ಲಿನ ಚೈನು ಸದ್ದು ಮಾಡುವಂಥ ಒಂದು ಸಣ್ಣ ವಿಷಯ ಅನ್ನಿಸಿತ್ತು. ನಿನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ, ನೀನು ಬೇಡ ಅನ್ನಲಿಲ್ಲ, ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಸಲ ನೀನು ಮನೆಗೆ ಬರಲಿಲ್ಲ. ಡೀಸೆಲ್ ಕದಿಯುತ್ತಾರೆ, ಲಾರಿ ಬಿಟ್ಟು ಬರಲಾಗದು ಎಂದು ಫೋನ್ ಮಾಡಿದ್ದಕ್ಕೆ ನಾನೇ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿ ರಾಜಾರ್‌ಹಾಟ್‌ಗೆ ಬಂದೆ. ಅಷ್ಟು ಹತ್ತಿರದಿಂದ ನಿನ್ನ ಲಾರಿಯನ್ನು ನಾನು ನೋಡಿದ್ದು ಅವತ್ತೇ. ಕಲ್ಲಿನ ಹಲಗೆಗಳನ್ನು ಮರದ ಚೌಕಟ್ಟಿಗೆ ಒರಗಿಸಿ ಸರಪಳಿ ಬಿಗಿದಿದ್ದರು. ಅದರ ಭಾರಕ್ಕೆ ಟಯರುಗಳ ಹೊಟ್ಟೆ ಉಬ್ಬಿತ್ತು. ನೀನು ಕಬ್ಬಿಣದ ರಾಡಿನಿಂದ ಒಂದೊಂದೇ ಟಯರಿಗೆ ಹೊಡೆಯುತ್ತಾ, ಕಿವಿ ಕೊಟ್ಟು ಕೇಳುತ್ತಾ ಸುತ್ತು ಬಂದೆ. ಎಡಗಡೆಯ ಹಿಂದಿನ ಜೋಡಿ ಗಾಲಿಯ ಹತ್ತಿರ ಬಂದಾಗ ನನ್ನನ್ನು ಕರೆದೆ. ಮೊದಲು ಮುಂದಿನ ಗಾಲಿಯ ನಡುಭಾಗಕ್ಕೆ ಕೈ ಇಡಿಸಿದೆ. ಬೆಚ್ಚಗಿತ್ತು. ಆಮೇಲೆ ಇದಕ್ಕೆ. ನಾನು ಕೈ ಹಿಂದೆಳೆದುಕೊಂಡೆ. "ಬಿಸಿ ಐತಿ, ಹೌದಿಲ್ಲೋ? ನಿಂತು ಇಷ್ಟ್ ಹೊತ್ತಾತು, ಇನ್ನೂ ಆರಿಲ್ಲ" ಅಂದೆ. ನಿನ್ನ ದನಿಯಲ್ಲಿ ಭಯವಿರಲಿಲ್ಲ. ಮನೆಯಲ್ಲಿ ಕೂಸಿಗೆ ಜ್ವರ ಬಂದಿದ್ದರೆ ಹೇಳುತ್ತಾರಲ್ಲ, ಹಾಗಿತ್ತು.

ಆ ನಟ್ಟುಗಳನ್ನು ನೀನು ತೋರಿಸಿದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಒಂದು ಬೋಲ್ಟು ಮುರಿದೇ ಹೋಗಿತ್ತು, ಅಲ್ಲೊಂದು ತೂತು ಮಾತ್ರ ಇತ್ತು. ಪಕ್ಕದ ನಟ್ಟಿನ ಸುತ್ತಲಿಂದ ತುಕ್ಕಿನ ಗೆರೆ ಹೊರಗೆ ಹರಿದಿತ್ತು. ಹೀಗೆ ಗೆರೆ ಬಂದರೆ ನಟ್ಟು ಒಳಗೊಳಗೇ ಆಡುತ್ತಿದೆ ಎಂದರ್ಥ ಅಂದೆ. ಒಂದು ಮುರಿದರೆ ಅದರ ಭಾರ ಪಕ್ಕದ್ದರ ಮೇಲೆ, ಅದೂ ಮುರಿದರೆ ಅದರ ಪಕ್ಕದ್ದರ ಮೇಲೆ. ಹೊಸ ಬೋಲ್ಟುಗಳನ್ನೇ ಹಾಕಬೇಕು, ಒಳಗಿನ ಬೇರಿಂಗ್ ಬಿಚ್ಚಿ ಗ್ರೀಸು ಬದಲಿಸಬೇಕು, ಅದಕ್ಕೆ ಲಾರಿ ಎರಡು ದಿನ ನಿಲ್ಲಬೇಕು. ನಿಲ್ಲಿಸು ಮತ್ತೆ, ಅಂದೆ ನಾನು. ಅಷ್ಟೊತ್ತಿಗೆ ನಿನ್ನ ಮೊಬೈಲು ಹೊಡೆದುಕೊಂಡಿತು. ಸಾವ್ಕಾರರು. ನೀನು ಇದನ್ನೇ ಅವರಿಗೆ ಹೇಳಿದೆ, ತುಂಬ ವಿನಯವಾಗಿ, ಮೊದಲಿನಿಂದ ಕೊನೆಯವರೆಗೆ. ಆ ಕಡೆಯಿಂದ ಏನು ಬಂತೋ. ನೀನು ಕೇಳುತ್ತಾ ನಿಂತಿದ್ದೆ, ಕಾಲಿನ ಹೆಬ್ಬೆರಳಿಂದ ಮಣ್ಣು ಕೆದಕುತ್ತಿದ್ದೆ. ಫೋನು ಇಟ್ಟ ಮೇಲೆ, "ನಟ್ಟ ಬಿಗಿ ಮಾಡ್ಕೋತ ಬಾ ಅಂತಾರ" ಅಂದೆ. ಅಷ್ಟೇ.

ನಟ್ಟು ಬಿಗಿಯುವುದು ಕೂಡ ಎಷ್ಟು ಕಷ್ಟವೆಂದು ನಾನು ಅವತ್ತು ಕಂಡೆ. ನೀನು ಉದ್ದನೆಯ ಪಾನಾ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು, ಇಡೀ ಮೈ ಭಾರ ಹಾಕಿ ಜಗ್ಗುತ್ತಿದ್ದೆ. ನಿನ್ನ ಕುತ್ತಿಗೆಯ ನರಗಳು ಉಬ್ಬುತ್ತಿದ್ದವು. ಒಂದೊಂದು ನಟ್ಟಿಗೂ ಹಾಗೆ ಮಾಡಿ, ಇಳಿದು, ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಿದ್ದೆ. ಅಲ್ಲೇ ನಡೆದು ಹೋಗುತ್ತಿದ್ದ ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ನಿನ್ನನ್ನು ಬಳಸಿಕೊಂಡು, ಪ್ಯಾಂಟಿಗೆ ಗ್ರೀಸು ತಾಗದಂತೆ ದಾಟಿದರು. ಅವರದೇನು ತಪ್ಪು? ನಾನೂ ಈ ಊರಿನಲ್ಲಿ ಇಷ್ಟು ವರ್ಷ ಲಾರಿಗಳ ಪಕ್ಕದಿಂದ ದಾಟಿದ್ದೇನೆ. ಒಂದರ ಗಾಲಿಯನ್ನಾದರೂ ನೋಡಿದ್ದೆನಾ?

ಕೊನೆಯ ಸಲ ಬಂದಾಗ ನೀನು ನಮ್ಮ ಮನೆಯಲ್ಲಿ ಮಧ್ಯಾಹ್ನ ಮಲಗಿದ್ದೆ. ನಮ್ಮ ಹಳೆಯ ಫ್ಯಾನು ತಿರುಗುವಾಗ ಎಲ್ಲೋ ಒಂದು ಕಡೆ ತಾಗಿ ಟಿಕ್ ಅನ್ನುತ್ತದಲ್ಲ. ಅದಕ್ಕೆ ನೀನು ಬೆಚ್ಚಿ ಎದ್ದು ಕೂತೆ. ಬಲಗಾಲು ಬ್ರೇಕು ತುಳಿಯುವಂತೆ ಮುಂದಕ್ಕೆ ಚಾಚಿತ್ತು. ನಾನು ಫ್ಯಾನು ಆರಿಸಿದೆ. ನೀನು ಬೆವರುತ್ತಾ ಗೋಡೆಗೊರಗಿದೆ. ಅವತ್ತು ನೀನು ವೈನಿಯ ಬಗ್ಗೆ, ಮಕ್ಕಳ ಬಗ್ಗೆ ಮಾತಾಡಿದೆ. ಇದೊಂದು ವರ್ಷ, ಆಮೇಲೆ ಊರಲ್ಲೇ ಶಾಲೆಯ ವ್ಯಾನು ಓಡಿಸಿಕೊಂಡಿರುತ್ತೇನೆ ಅಂದೆ. ಎರಡನೆಯ ಬೋಲ್ಟೂ ಹೋಗಿದೆ ಎಂದು ನನಗೆ ಹೇಳಲಿಲ್ಲ, ಇವರಿಗೆ ಹೇಳಿದ್ದೆ. ಬೀಳ್ಕೊಡಲು ಬಸ್‌ಸ್ಟಾಪಿನವರೆಗೆ ಬಂದವರ ಹತ್ತಿರ, ಗಿರಿಜಾಗೆ ಹೇಳಬೇಡ್ರಿ, ಆಕೆ ಊಟ ಬಿಡ್ತಾಳ, ಅಂದಿದ್ದೆಯಂತೆ. ಇವರು ನಿನ್ನ ಮಾತು ಉಳಿಸಿದರು.

ಆ ದಿನ ಬೆಳಿಗ್ಗೆ ನೀನೇ ಫೋನ್ ಮಾಡಿದ್ದೆ. ಖರಗ್‌ಪುರ ದಾಟಿದ್ದೇನೆ, ಇವತ್ತು ಬರುತ್ತೇನೆ, ಝುಣಕ ಮಾಡು ಅಂದೆ. ಹಿಂದೆ ಲಾರಿಗಳ ಸದ್ದು, ಯಾರದೋ ಹಾರನ್ನು. ಬಾಲೇಶ್ವರದ ಹತ್ತಿರ ಅದೇ ಗಾಲಿ ಪಂಕ್ಚರ್ ಆಗಿತ್ತು, ಬಿಚ್ಚಿ ಹಾಕಿಸಿದೆ ಅಂದೆ. ಸರಿಯಾಯಿತಲ್ಲ ಅಂದರೆ, ಹಾಂ, ಹಾಂ, ಇನ್ನೊಮ್ಮೆ ಬಿಗಿ ಮಾಡಬೇಕು ಅಷ್ಟೇ, ಅಂದೆ. ನಾನು ಕಡಲೆಹಿಟ್ಟು ಜರಡಿ ಹಿಡಿದೆ. ಈರುಳ್ಳಿ ಹೆಚ್ಚಿದೆ. ಐಶುವಿಗೆ ಶಾಲೆಯಿಂದ ಬರುವಷ್ಟರಲ್ಲಿ ಮಾಮ ಇರುತ್ತಾನೆ ಎಂದು ಹೇಳಿ ಕಳಿಸಿದೆ. ಒಲೆಯ ಮೇಲೆ ಒಗ್ಗರಣೆ ಇಟ್ಟಿದ್ದಾಗ ಮತ್ತೆ ನಿನ್ನ ನಂಬರಿನಿಂದಲೇ ಫೋನು ಬಂತು. ಬೇಗ ತಲುಪಿಬಿಟ್ಟ ಅಂದುಕೊಂಡೆ. ಆ ಕಡೆ ಬಂಗಾಳಿಯಲ್ಲಿ ಯಾರೋ ಮಾತಾಡುತ್ತಿದ್ದರು. ನೀವು ಈ ಡ್ರೈವರಿಗೆ ಏನಾಗಬೇಕು, ಎಂದು ಕೇಳುತ್ತಿದ್ದರು. ಹಿಂದೆ ಗದ್ದಲವೇ ಇರಲಿಲ್ಲ ಅಣ್ಣಾ. ಅಷ್ಟು ನಿಶ್ಶಬ್ದವಾಗಿತ್ತು. ಅದಕ್ಕೇ ನನಗೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ನಿನ್ನನ್ನು ಗುರುತಿಸಿದ್ದು ಕಾಲಿನ ಬೆರಳುಗಳಿಂದ. ಮುಖ ಮುಖವಾಗಿರಲಿಲ್ಲ. ಕೋಲಿನಿಂದಲೂ ಇಟ್ಟಿಗೆಯಿಂದಲೂ ಹೊಡೆದಿದ್ದರು. ಅಪಘಾತವೆಂದು ಬಂದವಳು ನಾನು, ಇದು ಅಪಘಾತದ ಪೆಟ್ಟಲ್ಲ ಎಂದು ಡಾಕ್ಟರು ಇವರ ಕಿವಿಯಲ್ಲಿ ಹೇಳಿದರು. ನೀನು ಆಗಾಗ ಎಚ್ಚರಾಗುತ್ತಿದ್ದೆ. ಎಚ್ಚರಾದಾಗಲೆಲ್ಲ ತುಂಡು ತುಂಡಾಗಿ ಹೇಳಿದೆ, ನಾನು ಜೋಡಿಸಿಕೊಂಡೆ. ಗಾಲಿ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ನಟ್ಟುಗಳನ್ನು ಮತ್ತೆ ಬಿಗಿಯಲೇಬೇಕು. ನೀನು ಒಮ್ಮೆ ನಿಲ್ಲಿಸಿ ಬಿಗಿದೆ. ಖರಗ್‌ಪುರದ ಆಚೆ ಇನ್ನೊಮ್ಮೆ ನಿಲ್ಲಿಸಿ ಪಾನಾ ತೆಗೆದೆ. ಪೊಲೀಸ್ ಜೀಪು ಬಂತು. ಇಲ್ಲಿ ಲಾರಿ ನಿಲ್ಲಿಸಬಾರದು, ತೆಗೆ ಎಂದರು. ಗಾಲಿ ತೋರಿಸಿದೆ, ಕೈ ಮುಗಿದೆ, ಅವರು ಬಾನೆಟ್ ಮೇಲೆ ಕೋಲು ಬಡಿದರು. ಮುಂದೆ ಜಾಗ ನೋಡಿ ನಿಲ್ಲಿಸೋಣವೆಂದು ಹೊರಟೆ. ಜಾಗ ಸಿಗಲಿಲ್ಲ. ಅಷ್ಟರಲ್ಲಿ ಕಟ್ಟಡದ ಕಂತ್ರಾಟುದಾರನ ಫೋನಿನ ಮೇಲೆ ಫೋನು, ಕ್ರೇನ್ ಬಂದು ನಿಂತಿದೆ, ಎಲ್ಲಿದ್ದೀಯ, ಎಲ್ಲಿದ್ದೀಯ...

"ನನ್ನ ಗಾಲಿ ನನ್ನನ್ನ ದಾಟಿ ಮುಂದ ಹೋತು, ಗಿರಿಜಾ" ಅಂದೆ. ಅದನ್ನು ಮತ್ತೆ ಮತ್ತೆ ಅಂದೆ. ಕನ್ನಡಿಯಲ್ಲಿ ನೋಡುತ್ತಿದ್ದಂತೆ ಎಡಗಡೆ ಏನೋ ಕಪ್ಪಗೆ ಪಕ್ಕಕ್ಕೆ ಬಂತು, ಯಾವುದೋ ಮೋಟಾರ್ ಸೈಕಲ್ ಅಂದುಕೊಂಡೆಯಂತೆ. ನೋಡಿದರೆ ಗಾಲಿ. ಲಾರಿ ವಾಲಿ, ಕಬ್ಬಿಣ ರಸ್ತೆಗೆ ಉಜ್ಜುತ್ತಾ ನಿಲ್ಲುವಷ್ಟರಲ್ಲಿ ಅದು ರಸ್ತೆ ಇಳಿದು, ಪುಟಿದು, ಬೋರ್‌ವೆಲ್ಲಿನ ಪಂಪು ಒತ್ತುತ್ತಿದ್ದ ಹೆಂಗಸಿನ ಕಡೆ ಹೋಗಿಬಿಟ್ಟಿತ್ತು. ಆಕೆಯ ಬೆನ್ನು ಈ ಕಡೆಗಿತ್ತು. ನೀನು ಹಾರನ್ ಒತ್ತಿ ಹಿಡಿದೆ. ಆಕೆ ತಿರುಗಿ ಲಾರಿಯನ್ನು ನೋಡಿದಳು, ಗಾಲಿಯನ್ನು ನೋಡಲಿಲ್ಲ. ಅಂಥ ಹೊತ್ತಿನಲ್ಲಿ ಡ್ರೈವರುಗಳು ಹೊಲದ ಕಡೆ ಓಡಿಬಿಡುತ್ತಾರೆ, ಓಡಲೇಬೇಕು, ಎಂದು ನೀನೇ ಒಮ್ಮೆ ನಮಗೆ ಹೇಳಿದ್ದೆ. ನೀನು ಯಾಕೆ ಓಡಲಿಲ್ಲ? ಅದನ್ನು ನಿನ್ನನ್ನು ಕೇಳಬೇಕೆಂದಿದ್ದೆ. ನೀನು ಆಕೆಯ ಕಡೆಗೇ ಓಡಿದೆ. ಅಲ್ಲಿಗೇ ಜನ ಬಂದರು.

"ಆಕಿ ಏನಾದ್ಲು?" ಎಂದು ನೀನು ಕೇಳುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ಇವರು ಹೊರಗೆ ಹೋಗಿ ವಿಚಾರಿಸಿದರು, ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಒಬ್ಬ ಪೇದೆ ಕೂತಿರುತ್ತಿದ್ದ, ನೀನು ಎದ್ದು ಓಡಿಹೋಗುತ್ತೀಯೆಂದು. ನೀನು ಅವನನ್ನೇ ಹಿಂದಿಯಲ್ಲಿ ಕೇಳಿದೆ. ಅವನು ಪೇಪರಿನಿಂದ ತಲೆ ಎತ್ತದೆ, "ವೋ ತೋ ವಹೀಂ ಮರ್ ಗಯೀ" ಅಂದ. ಅಲ್ಲೇ ಸತ್ತಳು. ನೀನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಆಮೇಲೆ ನನ್ನ ಜೊತೆಗೂ ಮಾತಾಡಲಿಲ್ಲ. ನೀರು ಹಾಕಿದರೆ ಬಾಯಿ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ನರ್ಸು ನಿನ್ನ ನಾಡಿ ಹಿಡಿದು, ಬಿಟ್ಟು, ನನ್ನನ್ನು ನೋಡಿದಳು.

ನಿನ್ನನ್ನು ಊರಿಗೆ ಒಯ್ದದ್ದು ವ್ಯಾನಿನಲ್ಲಿ, ಮಂಜುಗಡ್ಡೆಯ ನಡುವೆ. ನೀನು ಬಂದ ದಾರಿಯಲ್ಲೇ ನಿನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದೆವು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ನಾವು ಹಿಂದೆ ಹಾಕಿದ ಪ್ರತಿ ಲಾರಿಯ ಗಾಲಿಗಳನ್ನೂ ನೋಡಿದೆ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎಷ್ಟು ಲಾರಿಗಳಲ್ಲಿ ತುಕ್ಕಿನ ಗೆರೆ ಇತ್ತು ಅಂತೀಯ. ಎಷ್ಟರಲ್ಲಿ ನಟ್ಟೇ ಇರದ ತೂತುಗಳು. ಮೇಲೆ ಕಬ್ಬಿಣ, ಕಲ್ಲು, ಸಿಮೆಂಟು, ಗಾಜು. ಡ್ರೈವರುಗಳು ಒಂದು ಕೈ ಕಿಟಕಿಯ ಹೊರಗಿಟ್ಟುಕೊಂಡು ಹಾಡು ಹಾಕಿಕೊಂಡು ಹೋಗುತ್ತಿದ್ದರು. ರಸ್ತೆಯ ಪಕ್ಕ ಶಾಲೆಯ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಒಂದು ಕಡೆಯಂತೂ ನಾನು ಚೀರಿಬಿಟ್ಟೆ. ವ್ಯಾನಿನವನು ಗಾಬರಿಯಾಗಿ ನಿಲ್ಲಿಸಿದ. ಏನೂ ಆಗಿರಲಿಲ್ಲ. ಒಂದು ಲಾರಿ ನಮ್ಮನ್ನು ದಾಟಿ ಹೋಗಿತ್ತು, ಅಷ್ಟೇ. ಊರಲ್ಲಿ ವೈನಿ ಅಳಲಿಲ್ಲ. ನಿನ್ನ ಕೈಯನ್ನು ಬಿಚ್ಚಿ ನೋಡಿ, ಉಗುರಿನೊಳಗಿನ ಗ್ರೀಸನ್ನು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಹಾಗೇ ಮಣ್ಣು ಮಾಡಿದೆವು.

ಹಿಂದಿರುಗಿದ ಮೇಲೆ ಒಂದು ದಿನ ನಿನ್ನ ಸಾಮಾನು ತರಲೆಂದು ಇವರು ಮತ್ತು ನಾನು ಗಾಲಿ ಕಳಚಿದ ಜಾಗದ ಪೊಲೀಸ್ ಠಾಣೆಗೆ ಹೋದೆವು. ನಿನ್ನ ಹೊದಿಕೆ, ಶೇವಿಂಗ್ ಡಬ್ಬಿ, ಐಶುವಿಗೆಂದು ತಂದಿದ್ದ ಕರದಂಟು, ಅದಕ್ಕೆ ಇರುವೆ ಮುತ್ತಿತ್ತು. ಅಂಗಳದಲ್ಲಿ ನಿನ್ನ ಲಾರಿ. ಅದರ ಪಕ್ಕ ಸಾವ್ಕಾರರ ಮನುಷ್ಯನೊಬ್ಬ, ಇನ್ನೊಬ್ಬ ಹೊಸ ಡ್ರೈವರು. ಸತ್ತ ಡ್ರೈವರು ನಟ್ಟು ಬಿಗಿದಿರಲಿಲ್ಲ, ಅವನದೇ ಅಜಾಗರೂಕತೆ ಎಂದು ಬರೆಸಿ ಲಾರಿ ಬಿಡಿಸಿಕೊಂಡಿದ್ದರು. ನಾನು ಸುತ್ತು ಹಾಕಿ ನೋಡಿದೆ. ಹೋದ ಗಾಲಿಯ ಜಾಗಕ್ಕೆ ಬೇರೆ ಗಾಲಿ ಬಂದಿತ್ತು, ಅದರ ಬೋಲ್ಟುಗಳು ಹೊಸವು, ಹೊಳೆಯುತ್ತಿದ್ದವು. ಬಲಗಡೆಯ ಹಿಂದಿನ ಗಾಲಿಯನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿಯೂ ತುಕ್ಕಿನ ಗೆರೆ. ಹೊಸ ಡ್ರೈವರಿಗೆ ತೋರಿಸಿದೆ. ಬಿಹಾರದವನು, ನಿನ್ನದೇ ವಯಸ್ಸಿರಬಹುದು. ಅವನು ಬಾಗಿ ನೋಡಿದ. ತುಂಬ ಹೊತ್ತು ನೋಡಿದ. ಅವನಿಗೆ ತಿಳಿಯಲಿಲ್ಲ ಎಂದು ನಾನು ಹೇಗೆ ಹೇಳಲಿ? ಎದ್ದು, ಕೈ ಒರೆಸಿಕೊಂಡು, "ದೀದಿ, ಹಮೇ ತೋ ಜಾನಾ ಹೀ ಹೈ" ಅಂದ. ನಾವಂತೂ ಹೋಗಲೇಬೇಕಲ್ಲ, ಎಂದು. ಹತ್ತಿ ಕೂತು ಸ್ಟಾರ್ಟ್ ಮಾಡಿದ. ನಿನ್ನ ಲಾರಿ ಈಗಲೂ ಓಡುತ್ತಿದೆ ಅಣ್ಣಾ. ಎಲ್ಲಿ ಎಂದು ನನಗೆ ಗೊತ್ತಿಲ್ಲ. ಐಶುವನ್ನು ಶಾಲೆಗೆ ಬಿಡುವಾಗ ಬೈಪಾಸ್ ದಾಟಬೇಕು. ಅವಳ ಕೈಯನ್ನು ನೋಯುವಷ್ಟು ಬಿಗಿ ಹಿಡಿಯುತ್ತೇನೆ, ಅವಳು ಮಮ್ಮಿ, ಲಗ್ ರಹಾ ಹೈ ಎನ್ನುತ್ತಾಳೆ.

ಅವತ್ತೇ ಠಾಣೆಯಲ್ಲಿ ಗುಮಾಸ್ತನಂಥವನೊಬ್ಬ ನಮಗೆ ಚಹಾ ಕೊಡುತ್ತಾ ಸಹಜವಾಗಿ ಹೇಳಿದ, ಆ ಹೆಂಗಸು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ ಎಂದು. ಯಾವ ಹೆಂಗಸು, ಅಂದರು ಇವರು. ಗಾಲಿ ಬಡಿದವಳು, ಅಂದ. ಸತ್ತವಳು ಬೇರೆ ಯಾರೋ, ಅದೇ ದಿನ ಅದೇ ರಸ್ತೆಯಲ್ಲಿ ಬಸ್ಸಿಗೆ ಸಿಕ್ಕವಳು. ಬಾಗಿಲಲ್ಲಿ ಕೂತಿದ್ದ ಪೇದೆ ಎರಡನ್ನೂ ಒಂದು ಮಾಡಿಬಿಟ್ಟಿದ್ದ. ಇವರು ನನ್ನ ಹೆಗಲು ಹಿಡಿದುಕೊಂಡರು. ನಾನು ಅಳಲಿಲ್ಲ, ನನಗೆ ಸಂತೋಷವೂ ಆಗಲಿಲ್ಲ. ನೀನು ಹೋಗುವ ಒಂದು ದಿನ ಮೊದಲು, ಬರೀ ಒಂದು ದಿನ ಮೊದಲು ಯಾರಾದರೂ ನಿನಗೆ ಇದನ್ನು ಹೇಳಿದ್ದರೆ...

ಹೋದ ವಾರ ಆಕೆಯ ಮನೆ ಹುಡುಕಿಕೊಂಡು ಹೋದೆ. ಇವರು ಬೇಡವೆಂದರು. ಅದೇ ಜನ, ಅದೇ ಜಾಗ, ಏನಾದರೂ ಆದರೆ, ಅಂದರು. ನಾನು ಕೇಳದಿದ್ದಾಗ ತಾವೂ ಬಂದು, ರಸ್ತೆಯ ಆಚೆ ಚಹಾದಂಗಡಿಯಲ್ಲಿ ಕಾಯುತ್ತಾ ಕೂತರು. ಆಕೆಯ ಹೆಸರು ಮಿನತಿ. ನನಗಿಂತ ಚಿಕ್ಕವಳು. ಗಂಡ ಕೇರಳದಲ್ಲಿ ಗಾರೆ ಕೆಲಸ, ಮನೆಯಲ್ಲಿ ಅತ್ತೆ ಮತ್ತು ಮೈದುನ. ಒಂದು ಕಾಲಿನ ತುಂಬ ಕಬ್ಬಿಣದ ಸರಳುಗಳು. ನಾನು ಯಾರೆಂದು ಹೇಳಿದೆ. ಅತ್ತೆ ಎದ್ದು ಒಳಗೆ ಹೋಗಿಬಿಟ್ಟರು. ಮಿನತಿ ಮಾತ್ರ ಮಣೆ ಸರಿಸಿ, ಕೂತುಕೊಳ್ಳಿ ಅಂದಳು. ರಸ್ತೆ ಅಲ್ಲೇ, ಅಂಗಳದ ತುದಿಗೆ. ಲಾರಿಯೊಂದು ಹೋದಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಅದು ಪೂರ್ತಿ ಹೋದ ಮೇಲೆ ಮತ್ತೆ ಶುರು ಮಾಡುತ್ತಿದ್ದೆವು.

ಆಕೆಗೆ ನಿನ್ನ ನೆನಪಿದೆ ಅಣ್ಣಾ. ಎಚ್ಚರ ತಪ್ಪುವ ಮೊದಲು ನಿನ್ನ ಮುಖ ನೋಡಿದ್ದಾಳೆ. ನೀನು ನಿನ್ನ ಹೆಗಲ ಮೇಲಿನ ಟವೆಲನ್ನು ಆಕೆಯ ತೊಡೆಗೆ ಬಿಗಿದು ಕಟ್ಟಿದೆಯಂತೆ. ಅದನ್ನು ಕಟ್ಟಿದ್ದರಿಂದಲೇ ರಕ್ತ ನಿಂತಿತು ಎಂದು ಡಾಕ್ಟರು ಹೇಳಿದರಂತೆ. ಕಟ್ಟುತ್ತಾ ಕಟ್ಟುತ್ತಾ ಏನೋ ಒಂದೇ ಮಾತು ಹೇಳುತ್ತಿದ್ದೆಯಂತೆ. ಹಿಂದೆ ಜನ ಹೊಡೆಯಲು ಶುರು ಮಾಡಿದ ಮೇಲೂ ಹೇಳುತ್ತಿದ್ದೆಯಂತೆ. ಆ ಮಾತು ಆಸ್ಪತ್ರೆಯಲ್ಲೂ ಆಕೆಯ ತಲೆಯಿಂದ ಹೋಗಿರಲಿಲ್ಲ. ಅರ್ಥ ಹೇಳುವವರು ಯಾರೂ ಇರಲಿಲ್ಲ. ನನ್ನನ್ನು ಕೇಳಿದಳು, "ದೀದಿ, ತೊಂಗಿ ಮಾನೆ ಕೀ?" ಮೊದಲು ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ತೊಂಗಿ, ತೊಂಗಿ. ಆಗ ತಿಳಿಯಿತು. ಒಡಹುಟ್ಟಿದವಳನ್ನು, ತನಗಿಂತ ಚಿಕ್ಕವಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ ಎಂದು ಹೇಳಿದೆ. ಆಕೆ ತಲೆ ತಗ್ಗಿಸಿ ತನ್ನ ಕಾಲನ್ನು ನೋಡುತ್ತಾ ಕೂತಳು.

ಅಷ್ಟೊತ್ತಿಗೆ ಮೈದುನ ಚಹಾ ತಂದ. ಬಟ್ಟಲನ್ನು ನನ್ನ ಮುಂದಿಟ್ಟ, ಕೈಗೆ ಕೊಡಲಿಲ್ಲ. ಕಣ್ಣೆತ್ತಲಿಲ್ಲ. ಅವನ ಬೆರಳುಗಳನ್ನು ನೋಡಿದೆ. ನಿನ್ನನ್ನು ಹೊಡೆದವರಲ್ಲಿ ಇವನೂ ಇದ್ದನೆಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವನಿಗೂ ತಿಳಿಯಿತು. ಮಿನತಿ ನನ್ನ ಮಾತನ್ನು ಅವನಿಗೆ ಬಂಗಾಳಿಯಲ್ಲಿ ಹೇಳಿದಳು, ಆ ಶಬ್ದಕ್ಕೆ ಏನರ್ಥ ಎಂದು. ಅವನು ಅಲ್ಲಿಂದ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. "ಆಮ್ರಾ ತೋ ಜಾಂತಾಮ್ ನಾ" ಅಂದ. ನಮಗೆ ಗೊತ್ತಿರಲಿಲ್ಲ, ಎಂದು. ಏನು ಗೊತ್ತಿರಲಿಲ್ಲ? ನೀನು ಕಟ್ಟುತ್ತಿದ್ದೆ ಎಂದೇ? ನೀನು ಓಡಿಹೋಗಲಿಲ್ಲ ಎಂದೇ? ಚಹಾ ತಣ್ಣಗಾಯಿತು. ನಾನು ಅದನ್ನು ಕುಡಿಯಲಿಲ್ಲ.

ಮುಂದಿನ ತಿಂಗಳು ಮಿನತಿಯ ಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕು, ಕೋಲ್ಕತ್ತಾದಲ್ಲೇ. ಅದಕ್ಕೆ ಮೊದಲೂ ಆಮೇಲೂ ಕೆಲವು ದಿನ ಇಲ್ಲೇ ಉಳಿಯಬೇಕು. ಉಳಿಯಲು ಅವರಿಗೆ ಯಾರೂ ಇಲ್ಲ. ನಮ್ಮ ಮನೆಗೆ ಬಾ ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಹೋಯಿತು. ಇವರಿಗೆ ಹೇಳಿದಾಗ, ಮುಂದಿನ ಕೋಣೆ ಖಾಲಿ ಮಾಡೋಣ ಅಂದರು. ಆಕೆ ಒಬ್ಬಳೇ ಬರಲಾರಳು, ಆಕೆಯನ್ನು ಹಿಡಿದು ಕರೆತರುವವನು ಆ ಮೈದುನನೇ. ನಮ್ಮ ಮೆಟ್ಟಿಲು ಹತ್ತಿಸಬೇಕಲ್ಲ, ಎತ್ತಿಕೊಂಡೇ ಬರಬೇಕಾದೀತು. ವೈನಿಗೆ ಇನ್ನೂ ತಿಳಿಸಿಲ್ಲ. ಹೇಗೆ ತಿಳಿಸಬೇಕೋ...

ಆಕೆ ಬದುಕಿದ್ದಾಳೆ ಅಣ್ಣಾ. ನಿನಗೆ ಹೇಳಬೇಕಾದದ್ದು ಇದು, ಯಾರೂ ನಿನಗೆ ಹೇಳಲಿಲ್ಲ. ಅವಳಿಗೆ ನಾನೇ ಬಾಗಿಲು ತೆರೆಯುತ್ತೇನೆ. ಅವನಿಗೂ ತೆರೆಯಬೇಕು. ಒಳಗೆ ಬಾ ಎನ್ನಬೇಕು, ಕೂತುಕೋ ಎನ್ನಬೇಕು, ಊಟಕ್ಕೆ ಬಡಿಸಬೇಕು. ಬಡಿಸುತ್ತೇನೆ. ಅವನು ಕೈ ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತಾಗ ನಾನು ಆ ಕೈಗಳನ್ನು ನೋಡದೆ ಇರಬಲ್ಲೆನೇ ಎಂಬುದೊಂದು ಗೊತ್ತಿಲ್ಲ.

ನಿನ್ನ,
ಗಿರಿಜಾ